ಕಾರ್ಟೂನಿನ ಹಿಂದಿದ್ದ ಮನುಷ್ಯ: ವಾಲ್ಟ್ ಡಿಸ್ನಿಯ ಬದುಕು ಮತ್ತು ನನ್ನ ಒಂದು ತಪ್ಪು ಪಾಠ

ಈ ಸಲದ ಅಭ್ಯಾಸ ಬೋಧನೆಗೆ ನಮ್ಮ ತಂಡವನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಹಂಚಿದ್ದರು. ನನ್ನ ಪಾಲಿಗೆ ಬಂದದ್ದು ಪಾಂಡವಪುರ ತಾಲ್ಲೂಕಿನಲ್ಲಿ, ಮೇಲುಕೋಟೆ ಬೆಟ್ಟದ ಕಡೆಯ ಒಂದು ಶಾಲೆ. ಎಂಟನೇ ತರಗತಿಗೆ ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠ ಮಾಡಬೇಕಿತ್ತು. ಮೇಲುಕೋಟೆಯ ವನ್ಯಧಾಮ 1974ರಲ್ಲಿ ತೋಳಗಳ ರಕ್ಷಣೆಗೆಂದೇ ಘೋಷಣೆಯಾದದ್ದು. ಅದರ ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್. ಊರ ಪಕ್ಕದ ತೋಳದಿಂದಲೇ ಪಾಠ ಶುರುಮಾಡೋಣವೆಂದು, ಪ್ರೇರಣೆಯ ಹಂತಕ್ಕೆ ಮೂರು ಹಂದಿಮರಿಗಳ ಹಳೆಯ ಕಾರ್ಟೂನಿನ ಎರಡು ನಿಮಿಷದ ತುಣುಕೊಂದನ್ನು ಇಟ್ಟುಕೊಂಡೆ. ಮಕ್ಕಳೆಲ್ಲ ನಕ್ಕರು. ಕುರಿ ಸಾಕುವ ಮನೆಯ ಒಬ್ಬ ಹುಡುಗ ಮಾತ್ರ ನಗಲಿಲ್ಲ. ತೋಳ ಬಾಗಿಲು ತಟ್ಟಿ ಬರುವುದಿಲ್ಲ ಮಿಸ್, ಸದ್ದಿಲ್ಲದೆ ರೊಪ್ಪಕ್ಕೆ ಬರುತ್ತದೆ ಎಂದ. ಆ ಮಾತನ್ನು ಪಾಠದೊಳಕ್ಕೆ ತಂದುಕೊಳ್ಳುವ ಜಾಣತನ ಆಗ ನನಗಿರಲಿಲ್ಲ. ಮುಂದಕ್ಕೆ ಹೋದೆ. ವಲಸೆಯ ಭಾಗ ಬಂದಾಗ, ಉತ್ತರ ಧ್ರುವದ ಕಡೆ ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳಿವೆ, ಸಂಖ್ಯೆ ಹೆಚ್ಚಾದಾಗ ಅವು ಗುಂಪುಗುಂಪಾಗಿ ಬಂಡೆಯ ಮೇಲಿಂದ ನೀರಿಗೆ ಹಾರಿ ಸಾಯುತ್ತವೆ ಎಂದೂ ಹೇಳಿದೆ. ಚಿಕ್ಕಂದಿನಲ್ಲಿ ಎಲ್ಲೋ ಕೇಳಿದ್ದು, ಪಾಠಕ್ಕೆ ರುಚಿ ಕೊಡುತ್ತದೆಂದು ಸೇರಿಸಿದ್ದೆ.

ಮುಂದಿನ ವಾರ ಪೋಷಕರ ಸಭೆ. ಒಬ್ಬ ತಾಯಿ ಎದ್ದು ನಿಂತು, ಶಾಲೆಯಲ್ಲಿ ಕಾರ್ಟೂನ್ ಯಾಕೆ ತೋರಿಸಿದಿರಿ ಎಂದು ಕೇಳಿದರು. ಅವರ ಫೋನಿಗೆ ಒಂದು ವಿಡಿಯೊ ಬಂದಿತ್ತು. ಮಕ್ಕಳ ಕಾರ್ಟೂನುಗಳ ಒಳಗೆ ಕಣ್ಣಿಗೆ ಬೀಳದ ಕೆಟ್ಟ ಚಿತ್ರಗಳನ್ನು ಅಡಗಿಸಿಟ್ಟಿರುತ್ತಾರೆ, ಅವನ್ನು ಮಾಡಿದ ಮನುಷ್ಯ ತನ್ನ ತಾಯಿಯ ಸಾವಿಗೆ ಕಾರಣನಾದವನು, ಅದಕ್ಕೇ ಅವನ ಕಥೆಗಳಲ್ಲಿ ತಾಯಂದಿರು ಸಾಯುತ್ತಾರೆ, ಅವನ ಹೆಣವನ್ನು ಇವತ್ತಿಗೂ ಮಂಜುಗಡ್ಡೆಯಲ್ಲಿ ಇಟ್ಟಿದ್ದಾರೆ ಎಂದೆಲ್ಲ ಅದರಲ್ಲಿತ್ತಂತೆ. ಆಕೆ ಕೋಪದಲ್ಲಿರಲಿಲ್ಲ, ಹೆದರಿದ್ದರು. ಮುಖ್ಯ ಶಿಕ್ಷಕರು ನನ್ನ ಕಡೆ ನೋಡಿದರು. ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ಸಭೆಗೆ ತಿಳಿದುಕೊಂಡು ಬರುತ್ತೇನೆ ಎಂದೆ. ಹಾಗೆ ತಿಳಿದುಕೊಳ್ಳಲು ಹೊರಟವಳು ಓದಿದ್ದು ವಾಲ್ಟ್ ಡಿಸ್ನಿಯ ಜೀವನವನ್ನು. ಸಹ ಪ್ರಶಿಕ್ಷಣಾರ್ಥಿಗಳಿಗೂ ಇಂಥ ಪ್ರಶ್ನೆ ಎದುರಾಗಬಹುದೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಾಲ್ಟ್ ಡಿಸ್ನಿ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಅಮೆರಿಕದ ಷಿಕಾಗೊದಲ್ಲಿ. ತಂದೆ ಎಲಿಯಾಸ್, ತಾಯಿ ಫ್ಲೋರಾ. ಐವರು ಮಕ್ಕಳಲ್ಲಿ ವಾಲ್ಟ್ ನಾಲ್ಕನೆಯವನು. 1906ರಲ್ಲಿ ಕುಟುಂಬ ಮಿಸೌರಿ ರಾಜ್ಯದ ಮಾರ್ಸೆಲಿನ್ ಎಂಬ ಸಣ್ಣ ಊರಿಗೆ ಬೇಸಾಯ ಮಾಡಲು ಹೋಯಿತು. ಹಂದಿ, ಕೋಳಿ, ಕುದುರೆಗಳ ನಡುವೆ ಕಳೆದ ಆ ಕೆಲವು ವರ್ಷಗಳೇ ಅವನ ಬಾಲ್ಯದ ಸಿಹಿ ಕಾಲ. ಬೇಸಾಯ ಕೈಹತ್ತಲಿಲ್ಲ, ತಂದೆಯ ಆರೋಗ್ಯ ಕೆಟ್ಟಿತು. ಜಮೀನು ಮಾರಿ 1911ರಲ್ಲಿ ಕಾನ್ಸಸ್ ಸಿಟಿಗೆ ಹೋದರು. ಅಲ್ಲಿ ತಂದೆ ದಿನಪತ್ರಿಕೆ ಹಂಚುವ ಗುತ್ತಿಗೆ ಹಿಡಿದರು. ವಾಲ್ಟ್ ಮತ್ತು ಅವನ ಅಣ್ಣ ರಾಯ್ ಬೆಳಕು ಹರಿಯುವ ಮೊದಲೇ ಎದ್ದು, ಹಿಮ ಬಿದ್ದರೂ ಮನೆಮನೆಗೆ ಪತ್ರಿಕೆ ಹಾಕಬೇಕಿತ್ತು. ಅಪ್ಪ ಅದಕ್ಕೆ ಕೂಲಿ ಕೊಡುತ್ತಿರಲಿಲ್ಲ, ತಪ್ಪಿದರೆ ಹೊಡೆತವಿತ್ತು. ಹುಡುಗ ತರಗತಿಯಲ್ಲಿ ತೂಕಡಿಸುತ್ತಿದ್ದ. ಹೀಗೆ ಸುಮಾರು 6 ವರ್ಷ. ಬೆಳಿಗ್ಗೆ ಹಾಲು ಹಾಕಿ, ದನಕ್ಕೆ ಹುಲ್ಲು ಹಾಕಿ ಬಂದು ಮೊದಲ ಪೀರಿಯಡ್ಡಿನಲ್ಲೇ ಕಣ್ಣು ಮುಚ್ಚುವ ಮಕ್ಕಳನ್ನು ನಮ್ಮ ಶಾಲೆಗಳಲ್ಲೂ ನೋಡಿದ್ದೇವೆ. ಈ ಭಾಗ ಓದುವಾಗ ನನಗೆ ಅವರೇ ನೆನಪಾದರು.

1918ರಲ್ಲಿ, 16ನೇ ವಯಸ್ಸಿಗೆ, ದಾಖಲೆಯಲ್ಲಿ ಹುಟ್ಟಿದ ವರ್ಷ ತಿದ್ದಿ ವಾಲ್ಟ್ ರೆಡ್ ಕ್ರಾಸ್‌ನ ಆಂಬ್ಯುಲೆನ್ಸ್ ದಳ ಸೇರಿದ. ಫ್ರಾನ್ಸ್ ತಲುಪುವ ಹೊತ್ತಿಗೆ ಯುದ್ಧ ಮುಗಿದಿತ್ತು. ಊರಿಗೆ ಮರಳಿ ಜಾಹೀರಾತಿನ ಚಿತ್ರ ಬರೆಯುವ ಕೆಲಸಕ್ಕೆ ಸೇರಿದಾಗ ಅಲ್ಲಿ ಅಬ್ ಐವರ್ಕ್ಸ್ ಎಂಬ ಅಸಾಧಾರಣ ಚಿತ್ರಗಾರನ ಸ್ನೇಹವಾಯಿತು. 1922ರಲ್ಲಿ ಸ್ವಂತ ಕಾರ್ಟೂನ್ ಕಂಪನಿ ತೆರೆದರು. ಮರುವರ್ಷವೇ ಅದು ದಿವಾಳಿಯಾಯಿತು. ಅಣ್ಣ ರಾಯ್ ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತ ಕ್ಯಾಲಿಫೋರ್ನಿಯದಲ್ಲಿದ್ದ. ತಮ್ಮ ಅಲ್ಲಿಗೇ ಹೋದ. 1923ರ ಅಕ್ಟೋಬರಿನಲ್ಲಿ ಅಣ್ಣತಮ್ಮಂದಿರು ಸೇರಿ ಹಾಲಿವುಡ್‌ನಲ್ಲಿ ಸ್ಟುಡಿಯೊ ಕಟ್ಟಿದರು. ಲೆಕ್ಕಪತ್ರ ರಾಯ್‌ದು, ಕಥೆ ಮತ್ತು ಕನಸು ವಾಲ್ಟ್‌ದು.

1927ರಲ್ಲಿ ಅವರು ಆಸ್ವಾಲ್ಡ್ ಎಂಬ ಮೊಲದ ಪಾತ್ರ ಮಾಡಿದರು. ಅದು ಗೆದ್ದಿತು. ಆದರೆ ಒಪ್ಪಂದದ ಪ್ರಕಾರ ಹಕ್ಕು ಅವರದ್ದಾಗಿರಲಿಲ್ಲ. 1928ರಲ್ಲಿ ವಿತರಕರು ಪಾತ್ರವನ್ನೂ ಇಟ್ಟುಕೊಂಡು, ಸ್ಟುಡಿಯೊದ ಬಹುಪಾಲು ಚಿತ್ರಗಾರರನ್ನೂ ತಮ್ಮ ಕಡೆ ಸೆಳೆದುಕೊಂಡರು. ಈ ಪೆಟ್ಟನ್ನು ಡಿಸ್ನಿ ಕೊನೆಯವರೆಗೂ ಮರೆಯಲಿಲ್ಲ. ಮಾಡಿದ್ದೆಲ್ಲ ತನ್ನ ಹೆಸರಿನಲ್ಲೇ ಇರಬೇಕು ಎಂಬ ಹಟ ಅಲ್ಲಿಂದ ಗಟ್ಟಿಯಾಯಿತೆಂದು ನನಗೆ ತೋರುತ್ತದೆ. ಅದೇ ವರ್ಷ ಹುಟ್ಟಿದ್ದು ಮಿಕ್ಕಿ ಮೌಸ್. ಧ್ವನಿ ಜೋಡಿಸಿದ 'ಸ್ಟೀಮ್‌ಬೋಟ್ ವಿಲ್ಲಿ' 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ತೆರೆಕಂಡಿತು. ಇಲಿಗೆ ಧ್ವನಿ ಕೊಟ್ಟವರು ಸ್ವತಃ ಡಿಸ್ನಿ. ಗೆರೆ ಹಾಕಿದ್ದು ಬಹುಪಾಲು ಐವರ್ಕ್ಸ್. ಹೆಸರು ಯಾರಿಗೆ ಉಳಿಯಿತೆಂದು ಎಲ್ಲರಿಗೂ ಗೊತ್ತು. ಐವರ್ಕ್ಸ್ 1930ರಲ್ಲಿ ಸ್ಟುಡಿಯೊ ಬಿಟ್ಟರು. 10 ವರ್ಷದ ನಂತರ ಕೆಲಸಕ್ಕೆ ಮರಳಿದರು.

1932ರ 'ಫ್ಲವರ್ಸ್ ಅಂಡ್ ಟ್ರೀಸ್' ಪೂರ್ಣ ಬಣ್ಣದ ಕಾರ್ಟೂನ್. ಕಾರ್ಟೂನುಗಳಿಗೆಂದು ಕೊಟ್ಟ ಮೊದಲ ಆಸ್ಕರ್ ಅದಕ್ಕೇ ಬಂತು. 1933ರಲ್ಲಿ ಬಂದದ್ದು ನಾನು ತರಗತಿಯಲ್ಲಿ ತೋರಿಸಿದ 'ತ್ರೀ ಲಿಟಲ್ ಪಿಗ್ಸ್'. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಿದ್ದ ಜನರಿಗೆ ಬಾಗಿಲಲ್ಲಿ ನಿಂತ ಆ ತೋಳ ಹಸಿವಿನ ಹಾಗೆ ಕಂಡಿತು, ಚಿತ್ರ ಮನೆಮಾತಾಯಿತು. ಆದರೆ ಮೂಲ ಚಿತ್ರದಲ್ಲಿ ತೋಳ ಹಂದಿಮರಿಯನ್ನು ಮೋಸ ಮಾಡಲು ಯಹೂದಿ ವ್ಯಾಪಾರಿಯ ವೇಷ ಹಾಕಿ, ದೊಡ್ಡ ಮೂಗು ಅಂಟಿಸಿಕೊಂಡು ಬರುವ ದೃಶ್ಯವಿತ್ತು. ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದದ್ದೂ ಅದೇ ವರ್ಷ. ಆ ದೃಶ್ಯವನ್ನು ಮುಂದೆ ಬೇರೆಯಾಗಿ ಬರೆಸಿದರು. ನಾನು ತೋರಿಸಿದ್ದು ತಿದ್ದಿದ ಆವೃತ್ತಿ, ಹಾಗಾಗಿ ನನಗೆ ಇದರ ಸುಳಿವೇ ಇರಲಿಲ್ಲ. ಇದು ಅಡಗಿಸಿಟ್ಟ ಸಂಕೇತವಲ್ಲ. ಎಲ್ಲರ ಕಣ್ಣೆದುರಿಗೇ ಇದ್ದದ್ದು. ನೋಡಿದವರಲ್ಲಿ ಬಹಳ ಜನ ನಕ್ಕು ಸುಮ್ಮನಾಗಿದ್ದರು.

ಅನಂತರ ಡಿಸ್ನಿ ಪೂರ್ಣ ಪ್ರಮಾಣದ ಕಾರ್ಟೂನ್ ಚಲನಚಿತ್ರಕ್ಕೆ ಕೈಹಾಕಿದರು. ಮನೆಯನ್ನು ಅಡವಿಟ್ಟರು. ಎರಡೂವರೆ ಲಕ್ಷ ಡಾಲರಿನಲ್ಲಿ ಮುಗಿಯಬೇಕಿದ್ದ 'ಸ್ನೋ ವೈಟ್' ಸುಮಾರು 15 ಲಕ್ಷ ಡಾಲರ್ ನುಂಗಿತು. ಇದು ಡಿಸ್ನಿಯ ಮೂರ್ಖತನವೆಂದು ಚಿತ್ರರಂಗದವರು ಆಡಿಕೊಂಡರು. 1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನಲ್ಲಿ ಪ್ರಥಮ ಪ್ರದರ್ಶನವಾದಾಗ ಆಡಿಕೊಂಡವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಿತ್ರದ ಸಾವಿರಾರು ಹಾಳೆಗಳಿಗೆ ಶಾಯಿಯ ಗೆರೆ ಎಳೆದು ಬಣ್ಣ ತುಂಬಿದವರು ಯುವತಿಯರು. ಚಿತ್ರ ರಚಿಸುವ ಮೇಲಿನ ಕೆಲಸ ಗಂಡಸರಿಗೆ ಮಾತ್ರವೆಂಬುದು ಆಗ ಅಲ್ಲಿನ ನಿಯಮ. ಬ್ರಿಟನ್ನಿನ ಸೆನ್ಸಾರ್ ಮಂಡಳಿಗೆ ಕಾಡಿನ ಮತ್ತು ಮಾಟಗಾತಿಯ ದೃಶ್ಯಗಳು ಮಕ್ಕಳಿಗೆ ವಿಪರೀತ ಭಯ ಹುಟ್ಟಿಸುತ್ತವೆ ಎನಿಸಿತು. 16 ವರ್ಷದೊಳಗಿನವರು ದೊಡ್ಡವರ ಜೊತೆಗೇ ಬರಬೇಕೆಂದು ಷರತ್ತು ಹಾಕಿತು. ಅಂದರೆ ಕಾರ್ಟೂನಿನ ಬಗ್ಗೆ ಪೋಷಕರ ಅನುಮಾನ ನಮ್ಮ ಫೋನುಗಳ ಕಾಲದ್ದಲ್ಲ; ಅದಕ್ಕೂ ಕಾರ್ಟೂನಿನಷ್ಟೇ ವಯಸ್ಸು.

ಗೆದ್ದ ಹಣದಲ್ಲಿ ಅಣ್ಣತಮ್ಮಂದಿರು ತಂದೆತಾಯಿಗೆ ಮನೆ ಕೊಡಿಸಿದರು. ಆ ಮನೆಯ ಬೆಚ್ಚಗಿಡುವ ಕುಲುಮೆ ಕೆಟ್ಟು, ವಿಷಾನಿಲ ತುಂಬಿ, 1938ರ ನವೆಂಬರಿನಲ್ಲಿ ತಾಯಿ ಫ್ಲೋರಾ ತೀರಿಕೊಂಡರು. ಡಿಸ್ನಿ ಆ ವಿಷಯವನ್ನು ಆಮೇಲೆ ಯಾರ ಬಳಿಯೂ ಎತ್ತಲು ಬಯಸುತ್ತಿರಲಿಲ್ಲ. ನಮ್ಮ ಸಭೆಯಲ್ಲಿ ಆ ತಾಯಿ ಹೇಳಿದ ಮಾತಿನ ಬೇರು ಇದು. ಇಲ್ಲಿ ನಾನು ವಿಜ್ಞಾನದ ವಿದ್ಯಾರ್ಥಿನಿಯಾಗಿ ಮಾಡಿದ್ದು ಒಂದೇ ಕೆಲಸ, ದಿನಾಂಕಗಳನ್ನು ಪಕ್ಕಪಕ್ಕ ಬರೆದುಕೊಂಡೆ. ತಾಯಿಯಿಲ್ಲದ ಸ್ನೋ ವೈಟ್ ತೆರೆಗೆ ಬಂದದ್ದು 1937ರಲ್ಲಿ, ಫ್ಲೋರಾ ಸತ್ತದ್ದು 1938ರಲ್ಲಿ. ಸ್ನೋ ವೈಟ್‌ಳ ತಾಯಿ ಗ್ರಿಮ್ ಸೋದರರ ಕಥೆಯಲ್ಲೇ ಇಲ್ಲ. 1942ರ 'ಬ್ಯಾಂಬಿ'ಯಲ್ಲಿ ಬೇಟೆಗಾರನ ಗುಂಡಿಗೆ ಸಾಯುವ ತಾಯಿ ಜಿಂಕೆ, ಫೆಲಿಕ್ಸ್ ಸಾಲ್ಟನ್ 1923ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲೇ ಸಾಯುತ್ತದೆ. ಕಾರಣವೆಂದು ಹೇಳುವ ಘಟನೆ ಪರಿಣಾಮಕ್ಕಿಂತ ಮೊದಲು ನಡೆದಿರಬೇಕು. ಇದನ್ನು ನಾವೇ ತರಗತಿಯಲ್ಲಿ ಹೇಳಿಕೊಡುತ್ತೇವೆ. ಒಬ್ಬ ಮಗನ ದುಃಖವನ್ನು ಪಿತೂರಿಯಾಗಿ ತಿರುಗಿಸಿದವರು ಇಷ್ಟನ್ನೂ ನೋಡಿರಲಿಲ್ಲ.

ಹಾಗೆಂದು ಡಿಸ್ನಿಯ ಬದುಕಿನಲ್ಲಿ ಕತ್ತಲೆಯೇ ಇರಲಿಲ್ಲವೆಂದಲ್ಲ. 1940ರಲ್ಲಿ 'ಪಿನೋಕಿಯೊ' ಮತ್ತು 'ಫ್ಯಾಂಟೇಸಿಯಾ' ಬಂದವು. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿತ್ತು, ನಷ್ಟವಾಯಿತು. ಸಂಬಳದ ತಾರತಮ್ಯ, ಪರದೆಯ ಮೇಲೆ ಹೆಸರು ಹಾಕದಿರುವುದು, ಸಂಘ ಕಟ್ಟಿದವರನ್ನು ಕೆಲಸದಿಂದ ತೆಗೆದದ್ದು, ಇವುಗಳ ವಿರುದ್ಧ 1941ರ ಮೇ ತಿಂಗಳಲ್ಲಿ ನೂರಾರು ಚಿತ್ರಗಾರರು ಮುಷ್ಕರ ಹೂಡಿದರು. ಮುಂದಾಳುಗಳಲ್ಲಿ ಒಬ್ಬರು ಆರ್ಟ್ ಬ್ಯಾಬಿಟ್. 'ಸ್ನೋ ವೈಟ್'ನ ರಾಣಿಯನ್ನು ಬರೆದ ಕೈ ಅವರದು. ಡಿಸ್ನಿ ಇದನ್ನು ದುಡಿಮೆಯ ಪ್ರಶ್ನೆಯಾಗಿ ನೋಡಲಿಲ್ಲ, ಮನೆಮಕ್ಕಳು ಮಾಡಿದ ದ್ರೋಹವೆಂದುಕೊಂಡರು. ಕೊನೆಗೆ ಸರ್ಕಾರದ ಮಧ್ಯಸ್ಥಿಕೆಯಲ್ಲಿ ಸಂಘವನ್ನು ಒಪ್ಪಬೇಕಾಯಿತು. ಸಿಟ್ಟು ಮಾತ್ರ ಉಳಿಯಿತು. 1947ರ ಅಕ್ಟೋಬರ್ 24ರಂದು ಅಮೆರಿಕದ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ಹೋಗಿ, ಮುಷ್ಕರದಲ್ಲಿದ್ದ ಕೆಲವರ ಹೆಸರು ಹೇಳಿ ಅವರು ಕಮ್ಯುನಿಸ್ಟರೆಂದು ಸಾಕ್ಷಿ ನುಡಿದರು. ಆ ಕಾಲದಲ್ಲಿ ಹಾಗೆ ಹೆಸರು ಬಂದವರಿಗೆ ಕೆಲಸ ಸಿಗುವುದೇ ಕಷ್ಟವಾಗುತ್ತಿತ್ತು. ಫೋನಿಗೆ ಬಂದ ಆ ವಿಡಿಯೊದಲ್ಲಿ ಇದು ಇರಲಿಲ್ಲ. ಮಂಜುಗಡ್ಡೆಯ ಹೆಣದ ಮುಂದೆ ಕೂಲಿಯ ಜಗಳ ಯಾರಿಗೆ ಬೇಕು!

ಯುದ್ಧದ ವರ್ಷಗಳಲ್ಲಿ ಸ್ಟುಡಿಯೊ ಸೈನ್ಯಕ್ಕೆ ತರಬೇತಿ ಚಿತ್ರಗಳನ್ನೂ, ಜನರಿಗೆ ಆರೋಗ್ಯದ ಚಿತ್ರಗಳನ್ನೂ ಮಾಡಿತು. 1943ರ 'ದಿ ವಿಂಗ್ಡ್ ಸ್ಕರ್ಜ್' ಮಲೇರಿಯಾ ಕುರಿತದ್ದು. ಸ್ನೋ ವೈಟ್‌ನ ಏಳು ಕುಳ್ಳರು ಬಂದು ನಿಂತ ನೀರಿಗೆ ಎಣ್ಣೆ ಬಿಟ್ಟು, ಹೊಂಡ ಮುಚ್ಚಿ, ಸೊಳ್ಳೆಯ ಮರಿಗಳನ್ನು ಕೊಲ್ಲುತ್ತಾರೆ. ಸುಮಾರು 10 ನಿಮಿಷದ ಈ ಚಿತ್ರ ನಾಲೆ, ಗದ್ದೆಗಳ ನಮ್ಮ ಸೀಮೆಯ ತರಗತಿಗೂ ಒಗ್ಗುತ್ತದೆ. ಆದರೆ ನೀರಿಗೆ ಎಣ್ಣೆ ಬಿಡುವುದರಿಂದ ಮೀನು, ಕಪ್ಪೆಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನೂ ಜೊತೆಗೇ ಕೇಳಬೇಕು. ಡಿಸ್ನಿ ಸ್ಟುಡಿಯೊದ ಕಲೆ ನಮ್ಮ ದೇಶಕ್ಕೂ ನೇರವಾಗಿ ಬಂತು. ಅಲ್ಲಿ ದುಡಿದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಜನ್‌ಗೆ ಬಂದು ನಮ್ಮವರಿಗೆ ತರಬೇತಿ ಕೊಟ್ಟರು. ಜಾತಕ ಕಥೆಯ ಜಿಂಕೆಯನ್ನು ಕುರಿತ 'ದಿ ಬನಿಯನ್ ಡಿಯರ್' 1957ರಲ್ಲಿ ಆ ತರಬೇತಿಯಿಂದ ಹುಟ್ಟಿದ ಚಿತ್ರ.

1950ರ 'ಸಿಂಡ್ರೆಲಾ' ಸ್ಟುಡಿಯೊವನ್ನು ಸಾಲದಿಂದ ಎತ್ತಿತು. 1955ರ ಜುಲೈ 17ರಂದು ಕ್ಯಾಲಿಫೋರ್ನಿಯದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಟೆಲಿವಿಷನ್ನಿನಲ್ಲಿ ವಾರವಾರ ಕಾಣಿಸಿಕೊಂಡು ಡಿಸ್ನಿ ಅಮೆರಿಕದ ಮನೆಮನೆಯ ಮಾಮನಾದರು. ನಿಸರ್ಗದ ಬಗ್ಗೆ ಸಾಕ್ಷ್ಯಚಿತ್ರಗಳ ಮಾಲೆಯನ್ನೂ ತೆಗೆಸಿದರು. ಅವುಗಳಲ್ಲಿ ಒಂದು 1958ರ 'ವೈಟ್ ವೈಲ್ಡರ್‌ನೆಸ್'. ಅದಕ್ಕೆ ಆಸ್ಕರ್ ಕೂಡ ಬಂತು.

ಈ ಪುಟಕ್ಕೆ ಬಂದಾಗ ನನ್ನ ಕೈ ತಣ್ಣಗಾಯಿತು. ಲೆಮ್ಮಿಂಗ್‌ಗಳು ಬಂಡೆಯಿಂದ ಹಾರಿ ಸಾಯುವ ದೃಶ್ಯ ಲೋಕವನ್ನೆಲ್ಲ ನಂಬಿಸಿದ್ದು ಈ ಚಿತ್ರದಿಂದ. ಕೆನಡಾದ ಸಿಬಿಸಿ ವಾಹಿನಿ 1982ರಲ್ಲಿ ವಿಚಾರಿಸಿ ನಿಜ ಹೊರಗೆ ತಂದಿತು. ಚಿತ್ರೀಕರಣ ನಡೆದದ್ದು ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ. ಅಲ್ಲಿಗೆ ಸಮುದ್ರವೂ ಇಲ್ಲ, ಚಿತ್ರೀಕರಣದ ಜಾಗದಲ್ಲಿ ಆ ಲೆಮ್ಮಿಂಗ್‌ಗಳೂ ಇರಲಿಲ್ಲ. ಮ್ಯಾನಿಟೋಬಾದಿಂದ ದುಡ್ಡು ಕೊಟ್ಟು ತರಿಸಿದ ಪ್ರಾಣಿಗಳನ್ನು, ಹಿಮ ಹರಡಿದ ತಿರುಗುಮಣೆಯ ಮೇಲೆ ಓಡಿಸಿ ದೊಡ್ಡ ಹಿಂಡಿನಂತೆ ತೋರಿಸಿ, ಕೊನೆಗೆ ದಡದ ಮೇಲಿಂದ ನದಿಗೆ ದೂಡಿದ್ದರು. ನಿಜವಾಗಿ ಲೆಮ್ಮಿಂಗ್‌ಗಳ ಸಂಖ್ಯೆ ಕೆಲವು ವರ್ಷಗಳಿಗೊಮ್ಮೆ ಏರುತ್ತದೆ, ಇಳಿಯುತ್ತದೆ. ಹೆಚ್ಚಾದಾಗ ಹೊಸ ಜಾಗ ಹುಡುಕಿ ಹೊರಡುತ್ತವೆ, ನೀರು ದಾಟುವಾಗ ಕೆಲವು ಮುಳುಗುತ್ತವೆ. ಆತ್ಮಹತ್ಯೆ ಎಂಬುದಿಲ್ಲ. ಸಭೆಯಲ್ಲಿ ಆ ತಾಯಿ ಪರೀಕ್ಷಿಸದ ಒಂದು ವಿಡಿಯೊ ನಂಬಿದ್ದರು. ನಾನು ಪರೀಕ್ಷಿಸದ ಒಂದು ಸಿನಿಮಾದ ಸುಳ್ಳನ್ನು 38 ಮಕ್ಕಳಿಗೆ ಪಾಠ ಮಾಡಿದ್ದೆ. ಆಕೆ ನಂಬಿದ್ದು ಮನೆಯೊಳಗೆ ಉಳಿದಿತ್ತು. ನಾನು ಹೇಳಿದ್ದು ನೋಟ್ಸಿಗೆ ಹೋಗಿತ್ತು.

ಡಿಸ್ನಿ ವಿಪರೀತ ಸಿಗರೇಟು ಸೇದುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರಿನಿಂದ 1966ರ ಡಿಸೆಂಬರ್ 15ರಂದು, 65ನೇ ವಯಸ್ಸಿನಲ್ಲಿ ತೀರಿಕೊಂಡರು. ಎರಡು ದಿನದ ನಂತರ ದಹನವಾಯಿತು. ಚಿತಾಭಸ್ಮ ಗ್ಲೆಂಡೇಲ್‌ನ ರುದ್ರಭೂಮಿಯಲ್ಲಿದೆ. ಹೆಣವನ್ನು ಶೀತದಲ್ಲಿಟ್ಟು ಕಾಯುವ ಪ್ರಯೋಗ ಮನುಷ್ಯನ ಮೇಲೆ ಮೊದಲು ನಡೆದದ್ದೇ 1967ರ ಜನವರಿಯಲ್ಲಿ, ಬೇರೊಬ್ಬರ ಮೇಲೆ. ಅವರು ಕೊನೆಗೆ ಕೈಯಾಡಿಸಿದ ಕಾರ್ಟೂನುಗಳಲ್ಲಿ ಒಂದಾದ 'ದಿ ಜಂಗಲ್ ಬುಕ್' ಅವರು ಸತ್ತ ಮೇಲೆ 1967ರಲ್ಲಿ ಬಂತು. ಅದಕ್ಕೂ 25 ವರ್ಷ ಮೊದಲೇ, 1942ರ ಕಾರ್ಟೂನಲ್ಲದ 'ಜಂಗಲ್ ಬುಕ್' ಚಿತ್ರದಲ್ಲಿ ಮೌಗ್ಲಿಯಾಗಿದ್ದವನು ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು ಎಂದು ಹೇಳಿದಾಗ ಮಕ್ಕಳು ಬಾಯಿ ಬಿಟ್ಟು ಕೇಳಿದರು.

ಇನ್ನು ಅಡಗಿಸಿಟ್ಟ ಚಿತ್ರಗಳ ಮಾತು. ಅದರಲ್ಲಿ ಒಂದು ನಿಜ. ಡಿಸ್ನಿ ಕಂಪನಿಯ 1977ರ 'ದಿ ರೆಸ್ಕ್ಯೂಯರ್ಸ್' ಚಿತ್ರದ ಎರಡು ಫ್ರೇಮುಗಳಲ್ಲಿ, ಹಿನ್ನೆಲೆಯ ಕಿಟಕಿಯೊಂದರಲ್ಲಿ ನಗ್ನ ಹೆಣ್ಣಿನ ಚಿತ್ರ ಸೇರಿತ್ತು. 1999ರಲ್ಲಿ ಅದು ಬೆಳಕಿಗೆ ಬಂದಾಗ ಕಂಪನಿ 34 ಲಕ್ಷ ಕ್ಯಾಸೆಟ್‌ಗಳನ್ನು ವಾಪಸು ಕರೆಸಿತು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಒಂದೊಂದು ಫ್ರೇಮ್ ಕಣ್ಣೆದುರು ಇರುವುದು ಸೆಕೆಂಡಿನ 24ರಲ್ಲಿ ಒಂದು ಭಾಗ. ನಿಲ್ಲಿಸಿ ನೋಡದೆ ಅದು ಕಾಣುವುದಿಲ್ಲ. ಮತ್ತು ಅದು ನಡೆದದ್ದು ಡಿಸ್ನಿ ಸತ್ತ 11 ವರ್ಷದ ಮೇಲೆ. ಇಂದಿನ ಅಪಾಯ ಬೇರೆ ರೀತಿಯದು. ಮಕ್ಕಳಿಗೆ ಪ್ರಿಯವಾದ ಕಾರ್ಟೂನ್ ಪಾತ್ರಗಳನ್ನು ಕದ್ದು, ರಕ್ತ, ಸೂಜಿ, ಹಿಂಸೆ ತುಂಬಿದ ವಿಡಿಯೊಗಳನ್ನು ಯಾರು ಯಾರೋ ಯೂಟ್ಯೂಬಿಗೆ ಹಾಕುತ್ತಿದ್ದದ್ದು 2017ರಲ್ಲಿ ದೊಡ್ಡ ಸುದ್ದಿಯಾಯಿತು. ಯೂಟ್ಯೂಬ್ ಅಂಥ ಅನೇಕ ಚಾನೆಲ್‌ಗಳನ್ನು ಮುಚ್ಚಿತು. ಕೆ.ಆರ್.ಪೇಟೆಯ ನಮ್ಮ ಮನೆಯಲ್ಲಿ ಅಕ್ಕನ 4 ವರ್ಷದ ಮಗ ಊಟಕ್ಕೆ ಕೂತರೆ ಫೋನ್ ಬೇಕು. ಒಂದು ಮುಗಿದರೆ ಇನ್ನೊಂದು ತಾನಾಗಿ ಬರುತ್ತದೆ. ಅದನ್ನು ಯಾರು ಮಾಡಿದರೆಂದು ಅಕ್ಕನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಡಿಸ್ನಿಯ ಬದುಕನ್ನು ತೆಗೆದು ಓದಬಹುದು. ಹೆಸರಿಲ್ಲದವರ ಬದುಕನ್ನು ಎಲ್ಲಿ ಓದುವುದು?

ಮಕ್ಕಳ ಕಥೆಯಲ್ಲಿ ಭಯವೇ ಇರಬಾರದೆಂದು ನನಗೆ ಅನ್ನಿಸುವುದಿಲ್ಲ. ನಾಗಮಂಗಲದ ಕಡೆಯ ತೊಗಲುಗೊಂಬೆಯಾಟದಲ್ಲಿ ರಾಕ್ಷಸರು ಸಾಯುತ್ತಾರೆ. ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದಾಗ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವನ್ನು, ಅದರಲ್ಲಿನ ಸಾವುನೋವಿನ ಸಮೇತ, ಮಕ್ಕಳಿಗೆ ತೋರಿಸುತ್ತೇವೆ. ಅಲ್ಲೆಲ್ಲ ಪಕ್ಕದಲ್ಲಿ ಅಜ್ಜಿಯೋ ಮೇಷ್ಟರೋ ಇರುತ್ತಾರೆ, ಕೇಳಿದರೆ ಹೇಳುತ್ತಾರೆ. ಫೋನಿನ ಮುಂದೆ ಮಗು ಒಂಟಿ.

ಮುಂದಿನ ಸಭೆಯಲ್ಲಿ ಆ ತಾಯಿಗೆ ಯಾವುದು ಸುಳ್ಳು, ಯಾವುದು ನಿಜ ಎಂದು ದಿನಾಂಕ ಸಮೇತ ಹೇಳಿದೆ. ಭಯಪಟ್ಟದ್ದು ತಪ್ಪಲ್ಲ, ಮಗುವಿನ ಪಕ್ಕ ಕೂತು ನೋಡಿ ಎಂದೆ. ಆಕೆ ಪೂರ್ತಿ ಒಪ್ಪಲಿಲ್ಲ. ಆದರೂ ಕೊನೆಯವರೆಗೆ ಕೂತು ಕೇಳಿದರು. ಅದಕ್ಕಿಂತ ಕಷ್ಟವಾದದ್ದು ತರಗತಿಗೆ ಹೋಗಿ ನಾನು ಹೇಳಿದ್ದು ತಪ್ಪೆಂದು ಒಪ್ಪಿಕೊಳ್ಳುವುದು. ಅಂದು ಅವಲೋಕನಕ್ಕೆ ನಮ್ಮ ಉಪನ್ಯಾಸಕರೂ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅಂಕ ಹೋಗುತ್ತದೆಂಬ ಅಳುಕಿನಲ್ಲೇ ಲೆಮ್ಮಿಂಗಿನ ಸಾಲನ್ನು ನೋಟ್ಸಿನಲ್ಲಿ ಹೊಡೆದುಹಾಕಿಸಿ, ಆ ಸಿನಿಮಾ ಹೇಗೆ ತೆಗೆದರೆಂದು ಹೇಳಿದೆ. ಆಮೇಲೆ ಕುರಿ ಸಾಕುವ ಮನೆಯ ಹುಡುಗನನ್ನು ಎಬ್ಬಿಸಿ, ತೋಳ ನಿಜವಾಗಿ ಹೇಗೆ ಬರುತ್ತದೆಂದು ಹೇಳಲು ಕೇಳಿಕೊಂಡೆ. ಅವನು ಹತ್ತು ನಿಮಿಷ ಮಾತಾಡಿದ. ಗಾಳಿ ಯಾವ ಕಡೆಯಿಂದ ಬೀಸಿದರೆ ನಾಯಿಗೆ ತಿಳಿಯುವುದಿಲ್ಲ ಎಂಬುದರಿಂದ ಹಿಡಿದು, ಕುರಿ ಹೋದರೂ ಅವರಪ್ಪ ತೋಳಕ್ಕೆ ವಿಷ ಯಾಕೆ ಇಡುವುದಿಲ್ಲ ಎಂಬುವವರೆಗೆ ಹೇಳಿದ. ಸಂರಕ್ಷಣೆಯ ಪಾಠ ಅಂದು ನಡೆಯಿತು.

ಮಿತ್ರರೇ, ನಾವು ತರಗತಿಗೆ ತರುವ ಪ್ರತಿ ವಿಡಿಯೊ ತುಣುಕಿಗೂ ಪಾಠ ಯೋಜನೆಯ ಬೋಧನೋಪಕರಣದ ಕಲಂನಲ್ಲಿ ಇನ್ನೆರಡು ಸಾಲು ಸೇರಿಸೋಣ: ಇದನ್ನು ಯಾರು, ಯಾವಾಗ ಮಾಡಿದರು; ಇದರಲ್ಲಿ ತೋರಿಸಿದ್ದು ನಿಜವೆಂದು ನಾನು ಹೇಗೆ ತಿಳಿದೆ. ನನ್ನ ಮುಂದಿನ ಯೋಜನೆಗಳಲ್ಲಿ ಆ ಎರಡು ಸಾಲು ಬರೆಯುತ್ತಿದ್ದೇನೆ. ಎರಡನೆಯದಕ್ಕೆ ಉತ್ತರ ಸಿಗದಿದ್ದ ದಿನ ತುಣುಕನ್ನು ಬಿಟ್ಟು, ಚಾಕ್‌ಪೀಸಿನಲ್ಲೇ ಪಾಠ ಮಾಡಿದ್ದೂ ಉಂಟು.